ಲ್ಯಾಪ್‌ಟಾಪ್ ‘ಸತ್ತುಹೋಯಿತು’ ಎನ್ನುವ ಮೊದಲು

ನಮ್ಮ ಕಾಲೇಜಿನಲ್ಲಿ ಯಾರದಾದರೂ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಕೇಳಿಬರುವ ಮಾತು ಒಂದೇ: ‘ಸತ್ತುಹೋಯಿತು.’ ಯಾವಾಗ ನಿಂತಿತು, ಎಲ್ಲಿಯವರೆಗೆ ಬಂದು ನಿಂತಿತು, ಪರದೆಯ ಮೇಲೆ ಕೊನೆಗೆ ಏನು ಕಾಣಿಸಿತು ಎಂದು ಯಾರೂ ಕೇಳುವುದಿಲ್ಲ. ಮರುದಿನ ಅದು ಅಣ್ಣನ ಬ್ಯಾಗಿನಲ್ಲಿ ಅಂಗಡಿಗೆ ಹೋಗುತ್ತದೆ, ಇಲ್ಲವೇ ಕಪಾಟು ಸೇರುತ್ತದೆ. ನನ್ನ ಅಭಿಪ್ರಾಯ ಇಷ್ಟು: ಆನ್ ಆಗದ ಲ್ಯಾಪ್‌ಟಾಪನ್ನು ಹಂತ ಹಂತವಾಗಿ ಪರೀಕ್ಷಿಸಿ ನೋಡುವುದನ್ನು ನಾವೆಲ್ಲರೂ, ಮುಖ್ಯವಾಗಿ ನಾವು ಹುಡುಗಿಯರು, ಕಲಿಯಬೇಕು. ಅದನ್ನು ಕಲಿಸಲು ಕಾಲೇಜು ತಿಂಗಳಿಗೆ ಎರಡು ಗಂಟೆ ಕೊಡಬೇಕು.

ಹುಡುಗಿಯರ ಹೆಸರು ಯಾಕೆ ಎತ್ತಿದೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದೇ. ಅಣ್ಣನ ಇಂಜಿನಿಯರಿಂಗ್ ಮುಗಿದ ಮೇಲೆ ನಮ್ಮ ಕೈಗೆ ಬಂದದ್ದು, ಅಥವಾ ಗಲ್ಫಿನಲ್ಲಿರುವ ಮಾವ ರಜೆಗೆ ಬಂದಾಗ ತಂದುಕೊಟ್ಟದ್ದು. ವಾರಂಟಿ ಮುಗಿದಿರುತ್ತದೆ, ಬ್ಯಾಟರಿ ಸೋತಿರುತ್ತದೆ. ಆದರೆ ಅದರೊಳಗೆ ಇರುವುದು ಹಳೆಯದಲ್ಲ. ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರದ ಸ್ಕ್ಯಾನ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಕೆಸಿಇಟಿ ಅರ್ಜಿಗೆ ಇಟ್ಟುಕೊಂಡ ಫೋಟೋ ಮತ್ತು ಸಹಿ, ಎರಡು ವರ್ಷದ ನೋಟ್ಸ್, ಮನೆಯ ಮದುವೆಗಳ ಚಿತ್ರಗಳು ಎಲ್ಲವೂ ಅಲ್ಲೇ. ಯಂತ್ರ ಹತ್ತು ಸಾವಿರಕ್ಕೂ ಬಾಳಲಿಕ್ಕಿಲ್ಲ. ಒಳಗಿನದಕ್ಕೆ ಬೆಲೆ ಕಟ್ಟುವವರು ಯಾರು?

ಇಲ್ಲಿಯೇ ಇನ್ನೊಂದು ತೊಡಕು ಇದೆ. ಮನೆಯ ಹೆಣ್ಣುಮಕ್ಕಳ ಫೋಟೋಗಳಿರುವ ಲ್ಯಾಪ್‌ಟಾಪನ್ನು ಪಾಸ್‌ವರ್ಡ್ ಸಮೇತ ಪರಿಚಯವಿಲ್ಲದ ಅಂಗಡಿಯಲ್ಲಿ ಎರಡು ದಿನ ಬಿಟ್ಟುಬರಲು ಉಮ್ಮಂದಿರು ಒಪ್ಪುವುದಿಲ್ಲ. ಅದನ್ನು ಬರೀ ಸಂಶಯ ಎಂದು ನಾನು ತಳ್ಳಿಹಾಕಲಾರೆ. ಆ ಭಯಕ್ಕೆ ಅರ್ಥವಿದೆ. ಆದರೆ ಅದರ ಫಲ ಅನುಭವಿಸುವವರು ನಾವು. ನನ್ನ ತರಗತಿಯ ಗೆಳತಿಯೊಬ್ಬಳ ಲ್ಯಾಪ್‌ಟಾಪ್ ನಾಲ್ಕು ತಿಂಗಳು ಕಪಾಟಿನಲ್ಲಿತ್ತು. ಅಂಗಡಿಗೆ ಕೊಡಲು ಮನೆಯಲ್ಲಿ ಮನಸ್ಸಿಲ್ಲ, ತಾವೇ ನೋಡಲು ಯಾರಿಗೂ ಗೊತ್ತಿಲ್ಲ. ಅರ್ಧವಾರ್ಷಿಕ ಪರೀಕ್ಷೆಗೆ ಅವಳು ಬೇರೆಯವರ ನೋಟ್ಸಿನ ಫೋಟೋ ತೆಗೆದುಕೊಂಡು ಮೊಬೈಲಿನಲ್ಲಿ ಓದಿದಳು. ರಜೆಗೆ ಹಾಸ್ಟೆಲಿನಿಂದ ಬಂದ ಅವಳ ಮಾವನ ಮಗಳು ಹಿಂದಿನ ಮುಚ್ಚಳ ಬಿಚ್ಚಿ, ರ‍್ಯಾಮ್ ಹೊರತೆಗೆದು, ಅದರ ತಾಮ್ರಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದಳು. ಲ್ಯಾಪ್‌ಟಾಪ್ ಎದ್ದಿತು. ಕೆಲಸ ಕಾಲು ಗಂಟೆಯದ್ದು.

ಹಾಗೆಂದು ರಿಪೇರಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮವರೇ ಎಷ್ಟೋ ಅಣ್ಣಂದಿರು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು ಮನೆ ನಡೆಸುತ್ತಿದ್ದಾರೆ. ಭೂತಗನ್ನಡಿಯ ಕೆಳಗೆ ಸಾಸಿವೆ ಕಾಳಿಗಿಂತ ಸಣ್ಣ ಭಾಗವನ್ನು ಬೆಸುಗೆ ಹಾಕುವ ಅವರ ಕೈಚಳಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಹತ್ತು ಯಂತ್ರ ಎದುರಿಗಿರುವ ಮನುಷ್ಯನ ಬಳಿ ಹೋಗಿ ‘ಆನ್ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಹತ್ತಿರದ ದಾರಿ ಹಿಡಿಯುತ್ತಾರೆ: ‘ಫಾರ್ಮ್ಯಾಟ್ ಮಾಡಬೇಕು.’ ನಾವು ತಲೆಯಾಡಿಸುತ್ತೇವೆ. ಆ ಒಂದು ತಲೆಯಾಟದಲ್ಲಿ ಎರಡು ವರ್ಷದ ನೋಟ್ಸ್ ಹೋಗುತ್ತದೆ. ಇನ್ನೊಬ್ಬ ಸಹಪಾಠಿಗೆ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ ಎಂದರು. ಇನ್ನೊಂದು ಅಂಗಡಿಯಲ್ಲಿ ಚಾರ್ಜರ್ ಬದಲಿಸಿದರು, ಸರಿಯಾಯಿತು. ಮೊದಲನೆಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ‘ಬೇರೆ ಚಾರ್ಜರ್ ಹಾಕಿ ನೋಡಿದಿರಾ?’ ಎಂದು ಕೇಳುವಷ್ಟು ತಿಳಿವಳಿಕೆ ನಮ್ಮಲ್ಲಿರಲಿಲ್ಲ, ಅಷ್ಟೇ.

ಆ ತಿಳಿವಳಿಕೆ ದೊಡ್ಡ ವಿದ್ಯೆಯೇನಲ್ಲ. ಬಟನ್ ಒತ್ತಿದ ಕ್ಷಣದಿಂದ ಲಾಗಿನ್ ಪರದೆ ಬರುವವರೆಗೆ ನಡೆಯುವುದು ರಿಲೇ ಓಟದಂತೆ. ಮೊದಲ ಓಟಗಾರ ವಿದ್ಯುತ್. ಅದು ಸರಿಯಾಗಿ ತಲುಪಿದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಚಿಕ್ಕ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಹೊಸತರಲ್ಲಿ ಯುಇಎಫ್‌ಐ. ಮಾತಿನಲ್ಲಿ ಎಲ್ಲರೂ ಬಯೋಸ್ ಎಂದೇ ಕರೆಯುತ್ತಾರೆ. ಅದು ಮೆಮೊರಿ, ಡಿಸ್‌ಪ್ಲೇ, ಕೀಬೋರ್ಡ್ ಸರಿಯಿವೆಯೇ ಎಂದು ತಪಾಸಣೆ ಮಾಡಿ, ಆಮೇಲೆ ಡಿಸ್ಕಿನಲ್ಲಿ ಬೂಟ್ ಲೋಡರನ್ನು ಹುಡುಕುತ್ತದೆ. ಬೂಟ್ ಲೋಡರ್ ವಿಂಡೋಸನ್ನು ಮೆಮೊರಿಗೆ ತರುತ್ತದೆ. ಕೋಲು ಎಲ್ಲಿ ಬಿದ್ದಿತು ಎಂದು ನೋಡಿದರೆ ಯಾರ ಕೈಯಿಂದ ಬಿದ್ದಿತು ಎಂದು ಗೊತ್ತಾಗುತ್ತದೆ. ಅದಕ್ಕಾಗಿ ನಾಲ್ಕು ಪ್ರಶ್ನೆಗಳು ಸಾಕು.

ಮೊದಲನೆಯದು: ಏನಾದರೂ ದೀಪ ಉರಿಯುತ್ತಿದೆಯೇ? ಯಾವ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದಾದರೆ ವಿಂಡೋಸಿನ ಮೇಲೆ ಸಂಶಯಪಡುವ ಅಗತ್ಯವೇ ಇಲ್ಲ. ಓಟ ಇನ್ನೂ ಶುರುವಾಗಿಲ್ಲ. ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯೇ ನೋಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಬಿಟ್ಟು ನೇರ ಗೋಡೆಗೆ ಹಾಕಿ. ಆಮೇಲೆ ಇನ್ನೊಂದು ಚಾರ್ಜರ್. ಅದರ ಮೇಲೆ ಬರೆದಿರುವ ವೋಲ್ಟ್ ನಿಮ್ಮ ಚಾರ್ಜರಿನಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಪಿನ್ ಕೂಡ ಅದೇ ಬಗೆಯದ್ದಾಗಿರಬೇಕು. ಪಿನ್ ಹೊಂದಿತು ಎಂಬ ಒಂದೇ ಕಾರಣಕ್ಕೆ ಬೇರೆ ವೋಲ್ಟಿನದ್ದನ್ನು ಚುಚ್ಚಬೇಡಿ. ಟೈಪ್-ಸಿ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ 45 ಅಥವಾ 65 ವ್ಯಾಟ್ ಬೇಕು. ಮೊಬೈಲಿನ ಸಣ್ಣ ಚಾರ್ಜರಿನಿಂದ ಅದು ಎದ್ದೇಳದಿದ್ದರೆ ಆಶ್ಚರ್ಯವಿಲ್ಲ.

ಅದಕ್ಕೂ ಬಗ್ಗದಿದ್ದರೆ ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲ ಕಳಚಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬಳಿಕ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಒಳಗೆ ಉಳಿದಿದ್ದ ವಿದ್ಯುತ್ ಖಾಲಿಯಾಗಿ, ಪವರ್ ಬಟನ್ ನೋಡಿಕೊಳ್ಳುವ ಚಿಪ್ಪು ಹೊಸದಾಗಿ ಶುರುವಾಗುತ್ತದೆ. ಖರ್ಚಿಲ್ಲದ ಈ ಉಪಾಯ ಎಷ್ಟೋ ಸಲ ಕೆಲಸ ಮಾಡುತ್ತದೆ. ಆದರೆ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅಥವಾ ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ಒಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಒತ್ತುವುದು, ಚುಚ್ಚುವುದು, ಚಾರ್ಜಿಗೆ ಹಾಕುವುದು ಅಪಾಯ, ಬೆಂಕಿ ಹತ್ತಬಹುದು. ಅದು ಅಂಗಡಿಯವರದ್ದೇ ಕೆಲಸ. ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದ ಮೊದಲ ಗುಡುಗಿಗೆ ನಾವು ಟಿವಿಯ ಪ್ಲಗ್ ತೆಗೆಯುತ್ತೇವೆ, ಲ್ಯಾಪ್‌ಟಾಪಿನದ್ದು ಮರೆಯುತ್ತೇವೆ. ಎರಡನ್ನೂ ತೆಗೆಯಬೇಕು.

ಎರಡನೆಯ ಪ್ರಶ್ನೆ: ದೀಪ ಇದೆ, ಫ್ಯಾನ್ ತಿರುಗುತ್ತಿದೆ, ಆದರೆ ಪರದೆ ಕಪ್ಪಗಿದೆಯೇ? ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತವಾಗಿದೆ, ತೋರಿಸಲು ಆಗುತ್ತಿಲ್ಲ, ಅಷ್ಟೇ. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ. ಅಲ್ಲಿ ಚಿತ್ರ ಬಂದರೆ ದೋಷ ಪರದೆಯದ್ದು, ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ, ಆಗಲೇ ಕಾಪಿ ಮಾಡಿಕೊಳ್ಳಬಹುದು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಕೆಲವೊಮ್ಮೆ ಅಷ್ಟರಲ್ಲೇ ಪರದೆ ಬರುತ್ತದೆ. ಬೀಪ್ ಸದ್ದು ಬಂದರೆ, ದೀಪ ಲಯಬದ್ಧವಾಗಿ ಮಿನುಗಿದರೆ ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ. ಆ ಎಣಿಕೆಗೆ ಅರ್ಥವಿದೆ, ತಯಾರಕರ ಕೈಪಿಡಿಯಲ್ಲಿ ಅದು ಸಿಗುತ್ತದೆ. ನನ್ನ ಗೆಳತಿಯ ರ‍್ಯಾಮ್ ಪ್ರಕರಣ ಈ ಗುಂಪಿಗೆ ಸೇರಿದ್ದು.

ಮೂರನೆಯದು: ಕಂಪನಿಯ ಲೋಗೋ ಬಂದು, ಬೂಟ್ ಆಗುವ ಸಾಧನ ಸಿಗಲಿಲ್ಲ ಎಂಬ ಇಂಗ್ಲಿಷ್ ಸಾಲು ಬರುತ್ತಿದೆಯೇ? ಮೊದಲು ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿದ್ದೀರಾ ನೋಡಿ, ತೆಗೆದು ಮತ್ತೆ ಆನ್ ಮಾಡಿ. ನಂತರ ಆನ್ ಮಾಡುವಾಗಲೇ ಎಫ್2, ಎಫ್10, ಡಿಲೀಟ್, ಎಸ್ಕೇಪ್ ಇವುಗಳಲ್ಲಿ ನಿಮ್ಮ ಯಂತ್ರದ ಕೀ ಯಾವುದೋ ಅದನ್ನು ಒತ್ತುತ್ತಾ ಬಯೋಸ್ ಒಳಗೆ ಹೋಗಿ. ಏನನ್ನೂ ಬದಲಿಸಬೇಡಿ, ನೋಡಿ ಸಾಕು. ಡಿಸ್ಕಿನ ಹೆಸರು ಅಲ್ಲಿದ್ದರೆ ಬೂಟ್ ಕ್ರಮವೋ ಬೂಟ್ ಫೈಲುಗಳೋ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೆಸರೇ ಇಲ್ಲದಿದ್ದರೆ ಡಿಸ್ಕ್ ಸಡಿಲವಾಗಿದೆ ಅಥವಾ ಕೆಟ್ಟಿದೆ. ಹಳೆಯ ಹಾರ್ಡ್ ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಒಂದೊಂದು ಸಲ ಆನ್ ಮಾಡಿದಾಗಲೂ ಉಳಿದಿರುವುದು ಇನ್ನಷ್ಟು ಹಾಳಾಗಬಹುದು.

ನಾಲ್ಕನೆಯದು: ವಿಂಡೋಸ್ ಶುರುವಾಗಿ ಚಕ್ರ ತಿರುಗುತ್ತಲೇ ಇದೆಯೇ, ನೀಲಿ ಪರದೆ ಬರುತ್ತಿದೆಯೇ? ಇಲ್ಲಿಯವರೆಗೆ ಬಂದ ಯಂತ್ರದ ದೇಹ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ, ಕೆಟ್ಟಿರುವುದು ತಂತ್ರಾಂಶ. ವಿಂಡೋಸ್ 10 ಮತ್ತು 11 ಎರಡು ಮೂರು ಸಲ ಶುರುವಾಗಲು ವಿಫಲವಾದರೆ ತಾನೇ ರಿಪೇರಿ ಪರದೆಗೆ ಹೋಗುತ್ತವೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರ್ ಇದೆ, ಇತ್ತೀಚಿನ ಅಪ್‌ಡೇಟ್ ತೆಗೆಯುವ ಆಯ್ಕೆ ಇದೆ, ಹಿಂದಿನ ದಿನಾಂಕದ ಸ್ಥಿತಿಗೆ ಮರಳುವ ಸಿಸ್ಟಮ್ ರಿಸ್ಟೋರ್ ಇದೆ, ಅತಿ ಅಗತ್ಯದ ಡ್ರೈವರುಗಳಿಂದ ಮಾತ್ರ ಶುರುವಾಗುವ ಸೇಫ್ ಮೋಡ್ ಇದೆ. ಇವನ್ನು ಇದೇ ಕ್ರಮದಲ್ಲಿ ನೋಡಿ. ‘ರಿಸೆಟ್’ ಎಲ್ಲಕ್ಕಿಂತ ಕೊನೆಗೆ. ಅದರಲ್ಲೂ ಎರಡು ಬಗೆ: ಒಂದು ನಿಮ್ಮ ಫೈಲುಗಳನ್ನು ಉಳಿಸಿ ಪ್ರೋಗ್ರಾಮುಗಳನ್ನು ತೆಗೆಯುತ್ತದೆ, ಇನ್ನೊಂದು ಎಲ್ಲವನ್ನೂ ಅಳಿಸುತ್ತದೆ. ಈ ವ್ಯತ್ಯಾಸ ಓದದೆ ಎಂಟರ್ ಒತ್ತಬಾರದು.

ಒಂದು ಸಣ್ಣ ಫೈಲ್ ಯಂತ್ರವನ್ನು ಹೇಗೆ ಮಲಗಿಸಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್ ಬಂದು, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆ ಯಂತ್ರಗಳ ಯಾವ ಭಾಗವೂ ಸುಟ್ಟಿರಲಿಲ್ಲ. ಅನೇಕ ಕಡೆ ಸಿಬ್ಬಂದಿ ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡಿಗೆ ಹೋಗಿ, ಒಂದು ಫೈಲ್ ಅಳಿಸಿ ಮತ್ತೆ ಆನ್ ಮಾಡಿದರು. ಎಲ್ಲಿ ನಿಂತಿದೆ ಎಂದು ಗೊತ್ತಿದ್ದವರಿಗೆ ಅದು ನಿಮಿಷಗಳ ಕೆಲಸ. ಆದರೆ ಡಿಸ್ಕ್ ಬಿಟ್‌ಲಾಕರ್ ಬೀಗದಲ್ಲಿದ್ದ ಕಡೆ ಅದರ 48 ಅಂಕಿಯ ಕೀ ಹುಡುಕುವುದೇ ದೊಡ್ಡ ಕೆಲಸವಾಯಿತು. ನಮಗೂ ಇದರಲ್ಲಿ ಪಾಠವಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬೀಗ ನಮಗೆ ತಿಳಿಯದಂತೆಯೇ ಹಾಕಿರಬಹುದು. ಕೀ ಸಾಮಾನ್ಯವಾಗಿ ಆ ಲ್ಯಾಪ್‌ಟಾಪಿಗೆ ಮೊದಲು ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ನಮ್ಮ ಮನೆಗಳಲ್ಲಿ ಅಂದರೆ ಅಣ್ಣನ ಖಾತೆಯಲ್ಲಿ, ಅವನು ದಮ್ಮಾಮಿನಲ್ಲೋ ದುಬೈಯಲ್ಲೋ! ಯಂತ್ರ ಚೆನ್ನಾಗಿರುವಾಗಲೇ ಆ ಅಂಕಿಗಳನ್ನು ಕೇಳಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಈ ನಾಲ್ಕು ಪ್ರಶ್ನೆಗಳಿಗಿಂತ ಮೇಲಿನ ನಿಯಮ ಒಂದಿದೆ: ಯಂತ್ರಕ್ಕಿಂತ ಮೊದಲು ಫೈಲು. ವಿಂಡೋಸ್ ಏಳದಿದ್ದರೂ ಉಬುಂಟುವಿನಂಥ ಉಚಿತ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಇನ್‌ಸ್ಟಾಲ್ ಮಾಡದೆ, ಒಳಗಿನ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಬಹುದು. ಬಿಟ್‌ಲಾಕರ್ ಇದ್ದರೆ ಇಲ್ಲೂ ಅದೇ ಕೀ ಬೇಕು. ಅಂಗಡಿಗೆ ಕೊಡಲೇಬೇಕಾದಾಗಲೂ ‘ಫಾರ್ಮ್ಯಾಟ್ ಮಾಡಬೇಡಿ, ಮೊದಲು ಡೇಟಾ ತೆಗೆದುಕೊಡಿ’ ಎಂದು ಚೀಟಿಯಲ್ಲಿ ಬರೆಸಿ. ಪರದೆ ಅಥವಾ ಚಾರ್ಜಿಂಗ್ ಪೋರ್ಟಿನ ರಿಪೇರಿಗೆ ಪಾಸ್‌ವರ್ಡ್ ಬೇಕಾಗಿಲ್ಲ. ಡಿಸ್ಕನ್ನು ಬಿಚ್ಚಿಸಿ ಮನೆಗೆ ತಂದು, ಉಳಿದ ಯಂತ್ರವನ್ನಷ್ಟೇ ಬಿಟ್ಟುಬರಲೂ ಎಷ್ಟೋ ಮಾದರಿಗಳಲ್ಲಿ ಸಾಧ್ಯ. ಇದನ್ನು ತಿಳಿದರೆ ನಮ್ಮ ಉಮ್ಮಂದಿರ ಅರ್ಧ ಆತಂಕ ಹೋಗುತ್ತದೆ.

ಈಗ ನಮ್ಮ ತರಗತಿಯ ಕಡೆಗೆ ಬರುತ್ತೇನೆ. ಕಂಪ್ಯೂಟರ್ ಸೈನ್ಸಿನಲ್ಲಿ ನಾವು ಅಲ್ಗಾರಿದಮ್ ಓದುತ್ತೇವೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಿಂದ ಆ ಪದ ಬಂದಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಫ್ಲೋಚಾರ್ಟಿನಲ್ಲಿ ವಜ್ರಾಕೃತಿ ಎಳೆದು ‘ಹೌದು’, ‘ಇಲ್ಲ’ ಎಂದು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳು ಅಂಥದ್ದೇ ನಾಲ್ಕು ವಜ್ರಗಳು. ಮೂರು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಎಂದು ಹುಡುಕುವ ಫ್ಲೋಚಾರ್ಟ್ ಬರೆಯಬಲ್ಲ ನಾವು, ನಮ್ಮದೇ ಲ್ಯಾಪ್‌ಟಾಪ್ ಎದುರು ಕೈಚೆಲ್ಲಿ ಕೂರುವುದು ಸರಿಯೇ? ರ‍್ಯಾಮ್ ಎಂದರೇನು ಎಂಬ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಬರೆಯುವ ಬಹುತೇಕರು ರ‍್ಯಾಮನ್ನು ಕೈಯಲ್ಲಿ ಹಿಡಿದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ‘ಪರೀಕ್ಷೆ, ಸಿಇಟಿ ತಯಾರಿಯ ನಡುವೆ ಇದಕ್ಕೆ ಸಮಯ ಎಲ್ಲಿದೆ?’ ಎಂದು ಕೆಲವು ಪೋಷಕರು ಕೇಳುತ್ತಾರೆ. ಅರ್ಜಿಯ ಕೊನೆಯ ದಿನ ಲ್ಯಾಪ್‌ಟಾಪ್ ಕೈಕೊಟ್ಟಾಗ ಸೈಬರ್ ಸೆಂಟರಿನ ಸಾಲಿನಲ್ಲಿ ಹೋಗುವ ಸಮಯಕ್ಕಿಂತ ಇದು ಕಡಿಮೆ. ‘ಮಕ್ಕಳು ಬಿಚ್ಚಿ ಇನ್ನಷ್ಟು ಹಾಳು ಮಾಡುತ್ತಾರೆ’ ಎಂಬ ಮಾತಿನಲ್ಲಿ ನಿಜವಿದೆ. ಅದಕ್ಕೇ ನಾನು ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಸ್ಕ್ರೂಡ್ರೈವರೇ ಬೇಡ. ವಾರಂಟಿ ಇರುವುದನ್ನು ಬಿಚ್ಚಬಾರದು, ಬ್ಯಾಟರಿ ಊದಿದ್ದನ್ನು, ನೀರು ಬಿದ್ದದ್ದನ್ನು ಆನ್ ಮಾಡಲೇಬಾರದು. ಎಲ್ಲಿ ಕೈ ಹಾಕಬಾರದು ಎಂದು ತಿಳಿಯುವುದೂ ಕಲಿಕೆಯೇ. ಮೂರನೆಯ ಆಕ್ಷೇಪ, ‘ಇದು ಗಂಡುಮಕ್ಕಳ ಕೆಲಸ.’ ಮಿಕ್ಸಿ ನಿಂತರೆ ಅದರ ಅಡಿಯ ಕೆಂಪು ಬಟನ್ ಒತ್ತಿ ಮತ್ತೆ ಓಡಿಸುವುದು ಯಾರು? ನಮ್ಮ ಉಮ್ಮಂದಿರೇ ಅಲ್ಲವೇ? ಗ್ಯಾಸ್ ಒಲೆ ಸರಿಯಾಗಿ ಉರಿಯದಿದ್ದರೆ ಸಿಲಿಂಡರ್ ಖಾಲಿಯೋ, ಬರ್ನರ್ ಕಟ್ಟಿದೆಯೋ ಎಂದು ಒಂದೊಂದಾಗಿ ನೋಡುವುದೂ ಅವರೇ. ವಿಧಾನ ಅದೇ, ಯಂತ್ರ ಬೇರೆ.

ಹಾಗಾಗಿ ಪ್ರಾಂಶುಪಾಲರಲ್ಲಿ ಮತ್ತು ವಿದ್ಯಾರ್ಥಿ ಸಂಘದಲ್ಲಿ ನನ್ನ ಮನವಿ ಇದು. ತಿಂಗಳಿಗೆ ಒಂದು ಶನಿವಾರ, ತರಗತಿ ಮುಗಿದ ಮೇಲೆ ಎರಡು ಗಂಟೆ, ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ರಿಪೇರಿ ಮೇಜು ಇರಲಿ. ಅದಕ್ಕೆ ಬೇಕಾಗಿರುವುದು ಸ್ಕ್ರೂಡ್ರೈವರ್ ಸೆಟ್, ಎರಡು ಮೂರು ಬಗೆಯ ಚಾರ್ಜರ್, ಎಚ್‌ಡಿಎಂಐ ಕೇಬಲ್, ವಿಂಡೋಸ್ ರಿಕವರಿ ಮತ್ತು ಉಬುಂಟು ಇರುವ ಎರಡು ಪೆನ್‌ಡ್ರೈವ್, ಫೈಲ್ ಉಳಿಸಲು ಒಂದು ಹಾರ್ಡ್ ಡಿಸ್ಕ್. ಸ್ಕ್ರ್ಯಾಪ್‌ಗೆ ಹೋಗಲಿರುವ ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಎರಡನ್ನು ಬಿಚ್ಚಿ ಜೋಡಿಸಲು ನಮಗೆ ಬಿಡಲಿ. ಊರಿನ ಒಳ್ಳೆಯ ರಿಪೇರಿ ಅಣ್ಣನೊಬ್ಬರನ್ನು ಗೌರವದಿಂದ ಕರೆದು ಒಂದು ಶನಿವಾರ ಪಾಠ ಮಾಡಿಸೋಣ. ವೇದಿಕೆಯ ಮೇಲೆ ಡಾಕ್ಟರು, ಇಂಜಿನಿಯರು ಕೂತದ್ದನ್ನು ನೋಡಿದ್ದೇವೆ, ಅವರೂ ಕೂರಲಿ. ಹುಡುಗಿಯರ ಲ್ಯಾಪ್‌ಟಾಪನ್ನು ಹುಡುಗಿಯರೇ, ಅದರ ಒಡತಿಯ ಎದುರಿನಲ್ಲೇ ನೋಡಲಿ. ಯಾರೂ ಯಾರ ಫೋಲ್ಡರನ್ನೂ ತೆರೆಯಬಾರದು ಎಂಬುದು ಮೇಜಿನ ಮೊದಲ ನಿಯಮವಾಗಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಂತ್ರ ಎಲ್ಲಿ ನಿಂತಿತ್ತು, ಏನು ನೋಡಿದೆವು, ಯಾವುದರಿಂದ ಸರಿಯಾಯಿತು, ಯಾವುದು ಸರಿಯಾಗಲಿಲ್ಲ ಎಂದು ಅದರಲ್ಲಿ ಕನ್ನಡದಲ್ಲೇ ಬರೆಯೋಣ. ಎರಡು ವರ್ಷದಲ್ಲಿ ನಮ್ಮ ಜೂನಿಯರುಗಳಿಗೆ ಅದು ಒಳ್ಳೆಯ ಕೈಪಿಡಿಯಾಗುತ್ತದೆ.

ವಿದ್ಯಾರ್ಥಿವೇತನದ ಅರ್ಜಿಗಳ ಕಾಲ ಬರುವ ಮೊದಲೇ ಇದು ಶುರುವಾದರೆ ಒಳ್ಳೆಯದು. ಅಲ್ಲಿಯವರೆಗೆ ಓದುಗರೆಲ್ಲರೂ ಈ ವಾರವೇ ಎರಡು ಕೆಲಸ ಮಾಡಿ: ನಿಮ್ಮ ಪ್ರಮಾಣಪತ್ರಗಳನ್ನೂ ನೋಟ್ಸನ್ನೂ ಇನ್ನೊಂದು ಕಡೆ ಕಾಪಿ ಮಾಡಿಡಿ, ಬಿಟ್‌ಲಾಕರ್ ಕೀ ಎಲ್ಲಿದೆ ಎಂದು ಮನೆಯಲ್ಲಿ ಕೇಳಿ. ರಿಪೇರಿ ಮೇಜಿಗೆ ಹೆಸರು ಕೊಡುವವರು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ನನ್ನನ್ನು ಕಾಣಬಹುದು.